ದೊಡ್ಡ ಆಲ್ಟರ್ನೇಟರ್ ಹಾಕ್ಸೋ ಮೊದಲು ಬ್ರೇಕ್ ನೆನಪಿರಲಿ

ಮಳೆಗಾಲ ಶುರುವಾಯ್ತು ಅಂದ್ರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಗ್ಯಾರೇಜುಗಳಲ್ಲಿ ಕೇಳಿಬರೋ ಪ್ರಶ್ನೆ ಒಂದೇ: ‘ಪಿಕಪ್ಪಿನ ಬ್ಯಾಟರಿ ಪದೇಪದೇ ಇಳೀತದೆ, ದೊಡ್ಡ ಆಲ್ಟರ್ನೇಟರ್ ಹಾಕಿದ್ರೆ ಸರಿಯಾಗ್ತದಾ?’ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೇನೆ. ನಮ್ಮ ಕಡೆಯ ಹೆಚ್ಚಿನ ಪಿಕಪ್ಪುಗಳಿಗೆ ಅದು ಬೇಕಾಗಿಲ್ಲ. ಬೇಕಾದವರು ಹಾಕ್ಸಿಕೊಳ್ಳಲಿ, ಆದರೆ ಲೆಕ್ಕ ಮಾಡಿ ಹಾಕ್ಸಲಿ.

ಹೋದ ಮಳೆಗಾಲದಲ್ಲಿ ಕೊಳೆ ಔಷಧಿ ಹೊಡೆಯೋ ಹೊತ್ತಿಗೇ ನಮ್ಮನೆ ಪಿಕಪ್ ಎರಡು ಸಲ ತೋಟದ ದಾರಿಯಲ್ಲಿ ಸ್ಟಾರ್ಟ್ ಆಗದೆ ನಿಂತಿತು. ಒಂದು ಗ್ಯಾರೇಜಿನಲ್ಲಿ ‘ಆಂಪ್ಸ್ ಸಾಲ್ತಿಲ್ಲ, 120ರದ್ದು ಹಾಕ್ಸಿ’ ಅಂದರು. ನಾನು ಒಪ್ಪಿಯೂ ಆಗಿತ್ತು. ಅಷ್ಟರಲ್ಲಿ ಹಳೇ ಎಲೆಕ್ಟ್ರಿಷಿಯನ್ ಒಬ್ಬರು ಮೀಟರ್ ಹಿಡಿದು ನೋಡಿ, ‘ತಮಾ, ಆಲ್ಟರ್ನೇಟರ್ ಸರಿಯಾಗೇ ಇದೆ, ಅರ್ಥಿಂಗ್ ಪಟ್ಟಿ ನೋಡು’ ಅಂದರು. ಇಂಜಿನ್ನಿನಿಂದ ಚಾಸಿಗೆ ಹೋಗೋ ಪಟ್ಟಿ ತುಕ್ಕು ಹಿಡಿದು ಎರಡೇ ಎಳೆಯಲ್ಲಿ ನಿಂತಿತ್ತು. ಮೈಲುತುತ್ತಿನ ನೀರು ಡ್ರಮ್ಮಿನಿಂದ ಚೆಲ್ಲಿ ಕಬ್ಬಿಣಕ್ಕೆ ತಾಗಿದರೆ ತುಕ್ಕು ಬೇಗ ಹಿಡೀತದೆ. ಮೇಲಿಂದ ಕೆಸರು ಬೇರೆ. ಸಾವಿರಗಟ್ಟಲೆ ಖರ್ಚಾಗಬೇಕಾದ ಕೆಲಸ ಕೆಲವು ನೂರು ರೂಪಾಯಲ್ಲಿ ಮುಗೀತು.

ಆಲ್ಟರ್ನೇಟರ್ ಮೇಲೆ ಬರೆದಿರೋ ಆಂಪ್ಸ್ ಇಂಜಿನ್ ಜೋರಾಗಿ ತಿರುಗುವಾಗ ಸಿಗೋದು. ಐಡಲ್‌ನಲ್ಲಿ ಅದರ ಅರ್ಧವೂ ಬರದೇ ಇರಬಹುದು. ಕೆಸರು ದಾರಿಯಲ್ಲಿ ಫಸ್ಟ್ ಗೇರಿನಲ್ಲಿ ತೆವಳುವಾಗ, ಮಂಡಿ ಎದುರು ಇಂಜಿನ್ ಆಫ್ ಮಾಡದೆ ಕಾಯುವಾಗ ಬ್ಯಾಟರಿಯೇ ಕೈಯಿಂದ ಹಾಕಬೇಕಾಗ್ತದೆ.

ನಿಮ್ಮ ಗಾಡಿಯ ಲೆಕ್ಕ ನೀವೇ ಮಾಡಿ. ವ್ಯಾಟನ್ನು 12ರಿಂದ ಭಾಗಿಸಿದರೆ ಅಂದಾಜು ಆಂಪ್ಸ್ ಸಿಗ್ತದೆ. 55 ವ್ಯಾಟಿನ ಎರಡು ಹೆಡ್‌ಲೈಟಿಗೆ 9 ಆಂಪ್ಸ್. ವೈಪರ್, ಬ್ಲೋವರ್, ಹಿಂದಿನ ಲೈಟು, ಇಂಜಿನ್ನಿನ ಸ್ವಂತ ಖರ್ಚು ಎಲ್ಲ ಸೇರಿ ಮಳೆಯ ರಾತ್ರಿ ಅಂದಾಜು 35 ಆಂಪ್ಸ್ ಅಂದುಕೊಳ್ಳಿ. 120 ವ್ಯಾಟಿನ ಎಲ್‌ಇಡಿ ಬಾರ್ ಹಾಕಿದರೆ ಮತ್ತೆ 10. ಇಷ್ಟಕ್ಕೆ ಕಂಪನಿಯ ಆಲ್ಟರ್ನೇಟರ್ ಸಾಮಾನ್ಯವಾಗಿ ಸಾಕು.

ಖರ್ಚು ಮಾಡೋ ಮೊದಲು ಮಲ್ಟಿಮೀಟರ್ ಹಿಡೀರಿ. ಬೆಳಿಗ್ಗೆ ಸ್ಟಾರ್ಟ್ ಮಾಡೋ ಮುಂಚೆ ಬ್ಯಾಟರಿ 12.6 ವೋಲ್ಟ್ ಆಸುಪಾಸು ಇರಬೇಕು. ಇಂಜಿನ್ ಓಡುವಾಗ 13.8ರಿಂದ 14.5ರೊಳಗೆ ಬರಬೇಕು. ಆಮೇಲೆ ಲೈಟು, ವೈಪರ್, ಬ್ಲೋವರ್ ಎಲ್ಲ ಹಾಕಿ, ಇಂಜಿನ್ ಸ್ವಲ್ಪ ಏರಿಸಿ, ಬ್ಯಾಟರಿಯ ಮೈನಸ್‌ಗೂ ಇಂಜಿನ್ ಬ್ಲಾಕಿಗೂ ಮಧ್ಯೆ ಅಳತೆ ನೋಡಿ. 0.2 ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ಥಿಂಗ್ ಹಾಳಾಗಿದೆ ಎಂದೇ ಅರ್ಥ. ಮಳೆಯಲ್ಲಿ ಬೆಲ್ಟ್ ಕಿರುಚ್ತದಾ, ಅದನ್ನೂ ಗಮನಿಸಿ. ಬೆಲ್ಟ್ ಜಾರಿದರೆ ಎಷ್ಟು ದೊಡ್ಡ ಆಲ್ಟರ್ನೇಟರ್ ಇದ್ದರೂ ಪ್ರಯೋಜನ ಇಲ್ಲ.

ಇಷ್ಟೆಲ್ಲ ಸರಿಯಿದ್ದೂ ಸಾಲದಿದ್ದರೆ, ಅಂದರೆ ಗಾಡಿಯಲ್ಲೇ ಫ್ರಿಜ್, ಎರಡನೇ ಬ್ಯಾಟರಿ, ಸ್ಪ್ರೇಯರ್ ಚಾರ್ಜಿಂಗ್ ಎಲ್ಲ ದಿನಾ ಬೇಕಾದರೆ, ದೊಡ್ಡದು ಹಾಕ್ಸೋದರಲ್ಲಿ ತಪ್ಪಿಲ್ಲ. ಆದರೆ ಒಂದು ಮಾತು ಗಟ್ಟಿ ನೆನಪಿಟ್ಟುಕೊಳ್ಳಿ. ಬ್ರೇಕ್ ಪೆಡಲ್ ಹಗುರಾಗೋದು ವ್ಯಾಕ್ಯೂಮ್ ಬೂಸ್ಟರಿನಿಂದ. ಡೀಸೆಲ್ ಇಂಜಿನ್ನಿನಲ್ಲಿ ಆ ವ್ಯಾಕ್ಯೂಮ್ ತಯಾರು ಮಾಡ್ಲಿಕ್ಕೆ ಬೇರೆ ಪಂಪ್ ಬೇಕು. ಇಲ್ಲಿ ಓಡೋ ಹಲವು ಹಳೇ ಡೀಸೆಲ್ ಪಿಕಪ್ಪುಗಳಲ್ಲಿ ಆ ಪಂಪ್ ಇರೋದು ಆಲ್ಟರ್ನೇಟರಿನ ಬೆನ್ನಿಗೇ. ಅಗ್ಗಕ್ಕೆ ಸಿಕ್ತು ಅಂತ ಪಂಪ್ ಇಲ್ಲದ್ದು ಕೂರಿಸಿದರೆ, ಅಥವಾ ಅದರ ಆಯಿಲ್ ಪೈಪ್ ಸರಿಯಾಗಿ ಜೋಡಿಸದಿದ್ದರೆ, ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗ್ತದೆ. ಅಡಿಕೆ ಚೀಲ ತುಂಬಿಕೊಂಡು ದೇವಿಮನೆ ಘಟ್ಟ, ಅರಬೈಲು ಘಟ್ಟ ಇಳಿಯೋ ನಮಗೆ ಇದು ಸಣ್ಣ ವಿಷಯ ಅಲ್ಲ. ಲೈಟು ಸ್ವಲ್ಪ ಮಂದವಾದರೂ ಮನೆ ಮುಟ್ಟಬಹುದು, ಬ್ರೇಕ್ ಇಲ್ಲದೆ ಆಗದು. ಹೊಸದು ಕೂರಿಸಿದ ಮೇಲೆ ಸಮತಟ್ಟು ಜಾಗದಲ್ಲಿ ಬ್ರೇಕ್ ಪರೀಕ್ಷೆ ಮಾಡದೆ ಗ್ಯಾರೇಜ್ ಬಿಡಬೇಡಿ.

2020ರ ಏಪ್ರಿಲ್ ನಂತರದ ಬಿಎಸ್–6 ಗಾಡಿ ನಿಮ್ಮದಾದರೆ ಇನ್ನೂ ಎಚ್ಚರ ಬೇಕು. ಕೆಲವದರಲ್ಲಿ ಎಷ್ಟು ಚಾರ್ಜ್ ಮಾಡಬೇಕು ಅಂತ ಹೇಳೋದೇ ಇಂಜಿನ್ ಕಂಪ್ಯೂಟರ್. ಹೊರಗಿನದ್ದು ಹಾಕಿದರೆ ಎರರ್ ಲೈಟ್ ಹತ್ತಬಹುದು, ವಾರಂಟಿಗೂ ತಕರಾರು ಬರಬಹುದು. ಮೊದಲು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಕೇಳಿ.

ಆಲ್ಟರ್ನೇಟರ್ ಮಾತ್ರ ಬದಲಾಯಿಸಿ ಹಳೇ ವಯರ್ ಬಿಟ್ಟರೆ ವಯರ್ ಕಾದು ಬೆಂಕಿ ಹಿಡಿಯೋ ಅಪಾಯ ಇದೆ. 120 ಆಂಪ್ಸಿನದ್ದಕ್ಕೆ ಕನಿಷ್ಠ 25 ಚದರ ಮಿಲಿಮೀಟರಿನ ತಾಮ್ರದ ಕೇಬಲ್, ಬ್ಯಾಟರಿ ಹತ್ತಿರವೇ ಸರಿಯಾದ ಫ್ಯೂಸ್, ಅಷ್ಟೇ ದಪ್ಪದ ಅರ್ಥಿಂಗ್ ಪಟ್ಟಿ ಬೇಕು. ಕೆಲಸ ಶುರು ಮಾಡೋ ಮುಂಚೆ ಬ್ಯಾಟರಿಯ ಮೈನಸ್ ಬಿಚ್ಚಬೇಕು. ಇನ್ನೊಂದು ವಿಷಯ, ಕರೆಂಟು ಪುಕ್ಕಟೆ ಅಲ್ಲ. 120 ಆಂಪ್ಸ್ ಪೂರ್ತಿ ಎಳೆದರೆ ಇಂಜಿನ್ ಮೇಲೆ ಹತ್ತಿರ ನಾಲ್ಕು ಎಚ್‌ಪಿ ಭಾರ ಬೀಳ್ತದೆ, ಅದರ ಡೀಸೆಲ್ ನಿಮ್ಮ ಜೇಬಿನಿಂದಲೇ.

ಕೊನೆಗೆ, ಪಿಕಪ್ಪಿಗೆ ಇನ್ವರ್ಟರ್ ಕಟ್ಟಿ ಅಡಿಕೆ ಸುಲಿಯೋ ಯಂತ್ರ ಓಡಿಸೋ ಆಸೆ ಇದ್ದವರಿಗೆ: ಒಂದು ಎಚ್‌ಪಿ ಮೋಟರು ಓಡುವಾಗಲೇ ಸುಮಾರು 1000 ವ್ಯಾಟ್ ಎಳೀತದೆ, ಅಂದರೆ 12 ವೋಲ್ಟಿನಲ್ಲಿ 80 ಆಂಪ್ಸಿಗೂ ಜಾಸ್ತಿ. ಸ್ಟಾರ್ಟ್ ಆಗೋ ಕ್ಷಣದಲ್ಲಿ ಅದರ ಹಲವು ಪಟ್ಟು. ಸುಗ್ಗಿಯಲ್ಲಿ ರಾತ್ರಿಯಿಡೀ ಸುಲಿಯೋ ಕೆಲಸಕ್ಕೆ ಆಲ್ಟರ್ನೇಟರ್ ನಂಬೋದಕ್ಕಿಂತ ನಾಲ್ಕು ಮನೆಯವರು ಸೇರಿ ಒಂದು ಜನರೇಟರ್ ತಗೊಳ್ಳೋದೇ ಲೇಸು.

ಗಾಡಿ ನಿಮ್ಮದು, ದುಡ್ಡೂ ನಿಮ್ಮದು. ಆದರೆ ಈ ವಾರ ಬಿಡುವಾದಾಗ ಬಾನೆಟ್ ಎತ್ತಿ, ಅರ್ಥಿಂಗ್ ಪಟ್ಟಿ ಬಿಚ್ಚಿ, ಉಪ್ಪುಕಾಗದ ಹಾಕಿ ಉಜ್ಜಿ, ಬಿಗಿದು ಕಟ್ಟಿ. ಆಮೇಲೂ ಬ್ಯಾಟರಿ ಇಳಿದರೆ ಆಗ ದೊಡ್ಡದರ ಮಾತಾಡೋಣ.