ಸಸ್ಯಾಹಾರಿಗಳೇ, ಸಸ್ಯ ಎಲ್ಲಿ ಬೆಳೆಯುತ್ತೆ ಗೊತ್ತಾ?

ನಾನು ಸಸ್ಯಾಹಾರಿ ಅಂತ ಹೇಳಿದ ತಕ್ಷಣ ಎದುರಿಗಿದ್ದವರು ಕೇಳೋ ಪ್ರಶ್ನೆಗಳೆಲ್ಲ 'ಇಲ್ಲ'ಗಳ ಬಗ್ಗೆಯೇ ಇರುತ್ತವೆ. ಮೊಟ್ಟೆನೂ ಇಲ್ವಾ? ಹಾಗಾದ್ರೆ ಕೇಕು? ಊರೂರು ಸುತ್ತೋವಾಗ ಊಟಕ್ಕೆ ಏನು ಮಾಡ್ತೀರಾ? ಪಾಪ, ಎಷ್ಟೊಂದು ಮಿಸ್ ಮಾಡ್ಕೋತಿದ್ದೀರಾ... ನಾವೂ ಕಮ್ಮಿಯೇನಿಲ್ಲ ಬಿಡಿ. ಪ್ಯಾಕೆಟ್ ತಿರುಗಿಸಿ ಹಸಿರು ಚುಕ್ಕೆ ಹುಡುಕ್ತೀವಿ, ಬಿಸ್ಕತ್ತಿಗೆ ಏನೇನು ಹಾಕಿದ್ದಾರೆ ಅಂತ ಕಣ್ಣು ಕಿರಿದು ಮಾಡಿ ಸಣ್ಣಕ್ಷರ ಓದ್ತೀವಿ, ಹೋಟೆಲಿನ ಬೋರ್ಡಲ್ಲಿ 'ಶುದ್ಧ' ಅನ್ನೋ ಪದ ಇದೆಯಾ ಅಂತ ನೋಡ್ತೀವಿ. ಒಟ್ಟಿನಲ್ಲಿ ನಮ್ಮ ಊಟದ ಬಗ್ಗೆ ಮಾತಾಡೋದು ಅಂದ್ರೆ ನಾವು ಏನೇನು ತಿನ್ನಲ್ಲ ಅನ್ನೋ ಪಟ್ಟಿ ಒಪ್ಪಿಸೋದು ಅಂತಾಗಿಬಿಟ್ಟಿದೆ.

ತಿನ್ನೋದರ ಪಟ್ಟಿ ಯಾರು ಮಾಡೋದು? ಅದು ಎಲ್ಲಿಂದ ಬರುತ್ತೆ ಅಂತ ಯಾರು ಕೇಳೋದು? ನನ್ನ ತಕರಾರು ಇರೋದು ಇಲ್ಲೇ.

ನಮ್ಮದು ದೊಡ್ಡಬಳ್ಳಾಪುರ ತಾಲ್ಲೂಕು. ಇಂಜಿನಿಯರಿಂಗ್ ಮುಗಿಸಿ ಎಲ್ಲರ ಹಾಗೆ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದೆ. ವಾರವಿಡೀ ಹೆಬ್ಬಾಳದ ಟ್ರಾಫಿಕ್ಕು, ಕೋಡು, ಮೀಟಿಂಗು. ಶನಿವಾರ ಭಾನುವಾರ ನನಗಿರೋದು ಎರಡೇ ಕೆಲಸ: ಬೈಕ್ ಹತ್ತಿ ಸುತ್ತೋದು, ಇಲ್ಲಾ ಮನೇಲಿ ಓವನ್ ಹಚ್ಚೋದು. ಎರಡೂ ಕೊನೆಗೆ ಬಂದು ನಿಲ್ಲೋದು ಹೊಟ್ಟೆ ಹತ್ರಾನೇ :)

ಮೊದಲು ಮನೆ ಊಟ. ಬಸ್ಸಾರಿನಷ್ಟು ಜಾಣ ಅಡುಗೆ ಇನ್ನೊಂದಿಲ್ಲ ಅನ್ನೋದು ನನ್ನ ಅಭಿಪ್ರಾಯ. ಸೊಪ್ಪು, ಕಾಳು ಒಟ್ಟಿಗೆ ಬೇಯಿಸಿ ಬಸಿದರೆ, ಬಸಿದ ಕಟ್ಟು ಸಾರಾಗುತ್ತೆ. ಉಳಿದದ್ದಕ್ಕೆ ಒಗ್ಗರಣೆ ಹಾಕಿ ಕಾಯಿತುರಿ ಉದುರಿಸಿದರೆ ಪಲ್ಯ. ಒಂದೇ ಪಾತ್ರೆ, ಎರಡು ಔಟ್‌ಪುಟ್, ವೇಸ್ಟು ಸೊನ್ನೆ. ಕಾಲೇಜಿನಲ್ಲಿ ಆಪ್ಟಿಮೈಸೇಷನ್ ಪಾಠ ಮಾಡಿದವರು ಇದನ್ನೇ ಉದಾಹರಣೆ ಕೊಟ್ಟಿದ್ರೆ ಹಿಂದಿನ ಬೆಂಚಿನವರಿಗೂ ಅರ್ಥ ಆಗ್ತಿತ್ತು. ಜೊತೆಗೆ ಬಿಸಿ ಮುದ್ದೆ ಇದ್ದರೆ ಮಧ್ಯಾಹ್ನದ ಮೀಟಿಂಗು ದೇವರಿಗೇ ಪ್ರೀತಿ.

ಚಳಿಗಾಲ ಬಂತೆಂದರೆ ಅವರೆಕಾಯಿ. ಡಿಸೆಂಬರು, ಜನವರಿಯ ಇಬ್ಬನಿ ಬಿದ್ದಷ್ಟೂ ಕಾಯಿಗೆ ಸೊಗಡು ಜಾಸ್ತಿ ಅಂತಾರೆ ನಮ್ಮ ಕಡೆ. ಸುಲಿದು, ನೆನೆಸಿ, ಒಂದೊಂದೇ ಕಾಳು ಹಿತುಕಿ, ಹಿತಕಿದ ಬೇಳೆ ಸಾರು ಆಗೋ ಹೊತ್ತಿಗೆ ಮನೆಯವರೆಲ್ಲರ ಬೆರಳಿಗೂ ಕೆಲಸ, ಬಾಯಿಗೂ ಕೆಲಸ. ಇಡೀ ಊರಿನ ಸುದ್ದಿ ಅಲ್ಲೇ ಮುಗಿಯುತ್ತೆ. ಈಗೇನೋ ವರ್ಷವಿಡೀ ಅವರೆಕಾಯಿ ಸಿಗುತ್ತೆ. ಹಗಲು ಉದ್ದ ಇರಲಿ ಗಿಡ್ಡ ಇರಲಿ, ಅದಕ್ಕೆ ಸೊಪ್ಪು ಹಾಕದೆ ಯಾವ ಕಾಲದಲ್ಲಾದ್ರೂ ಹೂ ಬಿಡೋ 'ಹೆಬ್ಬಾಳ ಅವರೆ' ತಳಿಗಳನ್ನ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಮಾಡಿದ್ದಾರೆ. ಕಾಲಕ್ಕೆ ಕಾಯದೆ ಬೆಳೀಬಹುದು, ರೈತರಿಗೆ ಅನುಕೂಲವೇ. ಆದರೆ ಮೇ ತಿಂಗಳಲ್ಲಿ ತಂದುಕೊಟ್ಟರೆ ಅಮ್ಮ ಒಂದ್ಸಲ ಮೂಸಿ ನೋಡಿ, "ಸೊಗಡೇ ಇಲ್ಲ ಕಣೋ" ಅಂತ ಪಕ್ಕಕ್ಕೆ ಇಡ್ತಾರೆ. ಅಮ್ಮನ ಟೆಸ್ಟಿಂಗ್ ಮುಂದೆ ಯಾವ ರಿಲೀಸೂ ಪಾಸಾಗಲ್ಲ.

ಇನ್ನು ಸುತ್ತಾಟ. ಬೆಳಗಿನ ಜಾವದ ದಮ್ ಬಿರಿಯಾನಿಗೆ ಕ್ಯೂ ನಿಲ್ಲೋಕೆ ಬೆಂಗಳೂರಿನಿಂದ ಹೊಸಕೋಟೆಗೆ ಜನ ಬರೋದು ನಿಮಗೆ ಗೊತ್ತಿರುತ್ತೆ. ನಮ್ಮ ಟೀಮಿನವರು ಹೊರಟಾಗ ನಾನೂ ಜೊತೆಗೆ ಹೋಗಿದ್ದೆ. "ಪಾಪ, ನೀನೇನು ತಿಂತೀಯೋ" ಅಂತ ಎಲ್ಲರಿಗೂ ನನ್ನ ಮೇಲೆ ಕರುಣೆ. ಅವರು ಕ್ಯೂನಲ್ಲಿ ನಿಂತಿದ್ದಾಗ ನಾನು ಇಡ್ಲಿ ತಿಂದು, ಟೀ ಕುಡಿದು, ರಸ್ತೆ ಬದಿ ಮೂಟೆಯಿಂದ ಆಗಷ್ಟೇ ಸುರಿದ ಅವರೆಕಾಯಿ ಚೌಕಾಸಿ ಮಾಡಿ ಎರಡು ಕೆಜಿ ತಗೊಂಡು ಬಂದೆ. ವಾಪಸ್ ಬರೋವಾಗ ಕಾರಿನಲ್ಲಿ ಬಿರಿಯಾನಿ ವಾಸನೆನೋ, ಅವರೆಕಾಯಿ ಸೊಗಡೋ, ಯಾವುದು ಗೆದ್ದಿತು ಅಂತ ಇನ್ನೂ ತೀರ್ಮಾನ ಆಗಿಲ್ಲ.

ನೆಲಮಂಗಲ ತಾಲ್ಲೂಕಿನ ಶಿವಗಂಗೆಯಲ್ಲಿ ಗಂಗಾಧರೇಶ್ವರನ ಲಿಂಗಕ್ಕೆ ಸವರಿದ ತುಪ್ಪ ಬೆಣ್ಣೆಯಾಗುತ್ತೆ ಅನ್ನೋ ನಂಬಿಕೆ ಇದೆ. ಬೆಣ್ಣೆ ಕಾಸಿ ತುಪ್ಪ ಮಾಡೋ ನಮಗೆ ಅದು ರಿವರ್ಸ್ ಇಂಜಿನಿಯರಿಂಗ್! ಬೆಟ್ಟ ಹತ್ತಿ ಇಳಿದು ಕಾಲು ನಡುಗ್ತಿರೋವಾಗ ಉಪ್ಪು ಖಾರ ಸವರಿದ ಸೌತೆಕಾಯಿ ಸಿಗುತ್ತಲ್ಲ, ಅದರ ಮುಂದೆ ಯಾವ ಸಲಾಡು ತಂದಿಟ್ಟರೂ ನನಗೆ ಬೇಡ. ನಮ್ಮ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆ ಸುತ್ತೋದಕ್ಕೂ ಅಷ್ಟೇ, ಒಂದು ಪೊಟ್ಟಣ ಕಡ್ಲೆಪುರಿ ಇದ್ದರೆ ಸಾಕು.

ಇವೆಲ್ಲಕ್ಕಿಂತ ನನಗೆ ಇಷ್ಟವಾದದ್ದು ದೇವನಹಳ್ಳಿ ಚಕ್ಕೋತ. ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆ ಇರೋ ಹಣ್ಣು. ತಲೆಗಿಂತ ಸ್ವಲ್ಪ ಚಿಕ್ಕದು, ಸಿಪ್ಪೆ ದಿಂಬಿನಷ್ಟು ದಪ್ಪ. ಬಿಳಿ ಮೆತ್ತೆ ಕಿತ್ತು, ಕಹಿ ಪೊರೆ ಬಿಡಿಸಿ, ಒಳಗಿನ ಗುಲಾಬಿ ತೊಳೆಗೆ ಚಿಟಿಕೆ ಉಪ್ಪು, ಚಿಟಿಕೆ ಖಾರದಪುಡಿ. ಬಿಡಿಸೋಕೆ ಹತ್ತು ನಿಮಿಷ ತಾಳ್ಮೆ ಬೇಕು, ಖಾಲಿ ಆಗೋಕೆ ಎರಡು ನಿಮಿಷ ಸಾಕು. ಇನ್ನೊಂದು ವಿಷಯ ಗೊತ್ತಾ? ನಾವು ದಿನಾ ತಿನ್ನೋ ಕಿತ್ತಳೆಯ ಜಾತಿ ಹುಟ್ಟಿದ್ದೇ ಚಕ್ಕೋತ ಮತ್ತು ಮ್ಯಾಂಡರಿನ್‌ಗಳ ಬೆರಕೆಯಿಂದ. ಆ ಕಿತ್ತಳೆ ಮತ್ತೆ ಚಕ್ಕೋತದ ಜೊತೆ ಬೆರೆತು ಆದದ್ದು ಗ್ರೇಪ್‌ಫ್ರೂಟು. ಅಂದರೆ ಸೂಪರ್ ಮಾರ್ಕೆಟ್ಟಿನಲ್ಲಿ ಸ್ಟಿಕ್ಕರ್ ಹಚ್ಕೊಂಡು ಕೂತಿರೋ ಹಣ್ಣಿನ ವಂಶದ ಅಜ್ಜ ನಮ್ಮ ಹಿತ್ತಿಲಲ್ಲಿ ನಿಂತಿದ್ದಾನೆ, ನಾವು ಮೊಮ್ಮಗನಿಗೆ ದುಡ್ಡು ಕೊಡ್ತಿದ್ದೀವಿ.

ಈಗ ಓವನ್ ಹತ್ರ ಬನ್ನಿ. ಮೊಟ್ಟೆ ಇಲ್ಲದ ಕೇಕು ಕೇಕೇ ಅಲ್ಲ ಅನ್ನೋರಿಗೆ ನನ್ನ ಉತ್ತರ ಅಯ್ಯಂಗಾರ್ ಬೇಕರಿ. 1898ರಲ್ಲಿ ತಿರುಮಲಾಚಾರ್ ಅವರು ಚಿಕ್ಕಪೇಟೆ ಕಡೆ ಶುರು ಮಾಡಿದ್ದು. ಆಮೇಲೆ ಹಾಸನ ಜಿಲ್ಲೆಯ ಅಯ್ಯಂಗಾರರು ಬೀದಿಬೀದಿಗೂ ಹಬ್ಬಿಸಿದರು. ಖಾರಾ ಬನ್ನು, ದಿಲ್‌ಪಸಂದ್, ಹನಿ ಕೇಕು... ಮೊಟ್ಟೆ ಇಲ್ಲದೆಯೇ ಒಂದು ಇಡೀ ರುಚಿಯ ಪರಂಪರೆ ಕಟ್ಟಿದವರು ಅವರು. (ಈಗ ಅದೇ ಹೆಸರಿನ ಎಷ್ಟೋ ಬೋರ್ಡುಗಳ ಕೆಳಗೆ ಎಗ್ ಪಫ್ಸೂ ಸಿಗುತ್ತೆ, ಅದು ಬೇರೆ ಮಾತು.)

ಮೊಟ್ಟೆಯ ಬದಲು ಕೆಲಸ ಮಾಡೋದು ಮೊಸರು ಮತ್ತು ಸೋಡಾ. ಮೊಸರಿನ ಹುಳಿ ಅಡುಗೆ ಸೋಡಾಗೆ ತಾಗಿದರೆ ಗಾಳಿಗುಳ್ಳೆ ಏಳುತ್ತೆ, ಕೇಕು ಉಬ್ಬುತ್ತೆ. ಅದಕ್ಕೇ ಹಿಟ್ಟು ಕಲಸಿಟ್ಟು ಫೋನ್ ನೋಡ್ತಾ ಕೂರಬಾರದು, ತಕ್ಷಣ ಓವನ್‌ಗೆ ಇಡಬೇಕು. ರಾಗಿಗೆ ಇನ್ನೊಂದು ತೊಂದರೆ, ಅದರಲ್ಲಿ ಗ್ಲುಟೆನ್ ಇಲ್ಲ, ಅಂದರೆ ಅಂಟು ಇಲ್ಲ. ಬರೀ ರಾಗಿ ಹಾಕಿದರೆ ಕೇಕು ಕೈಗೆ ಬಂದಾಗ ಪುಡಿಪುಡಿ. ನನ್ನ ಲೆಕ್ಕ ಹೀಗೆ: ಹದವಾಗಿ ಹುರಿದ ರಾಗಿಹಿಟ್ಟು ಒಂದು ಕಪ್, ಗೋಧಿಹಿಟ್ಟು ಅರ್ಧ ಕಪ್, ಬೆಲ್ಲದ ಪುಡಿ ಒಂದು ಕಪ್, ಮೊಸರು ಒಂದು ಕಪ್, ಎಣ್ಣೆ ಅರ್ಧ ಕಪ್, ಬೇಕಿಂಗ್ ಪೌಡರ್ ಒಂದು ಚಮಚ, ಸೋಡಾ ಅರ್ಧ ಚಮಚ. ಗಟ್ಟಿ ಅನಿಸಿದರೆ ಸ್ವಲ್ಪ ಹಾಲು. ಮೇಲೆ ಚಕ್ಕೋತದ ಸಿಪ್ಪೆಯ ಹಸಿರು-ಹಳದಿ ಭಾಗ ಮಾತ್ರ ತುರಿದು ಹಾಕಬೇಕು, ಬಿಳಿ ಬಿದ್ದರೆ ಕಹಿ. 180 ಡಿಗ್ರಿಯಲ್ಲಿ ಮೂವತ್ತೈದು ನಿಮಿಷ. ಜೊತೆಗೆ ಬೆಂಗಳೂರು ಬ್ಲೂ ದ್ರಾಕ್ಷಿಯ ಜಾಮು. ಬೀಜ ಇದೆ, ಸಿಪ್ಪೆ ಜಾರುತ್ತೆ ಅಂತ ಮೂಗು ಮುರೀತಾರಲ್ಲ, ಅದೇ ದ್ರಾಕ್ಷಿ. ಆ ಘಮ ಬೇರೆ ಯಾವ ದ್ರಾಕ್ಷಿಗೂ ಇಲ್ಲ.

ಆಫೀಸಿಗೆ ತಗೊಂಡು ಹೋದೆ. ಎಲ್ಲರೂ ತಿಂದರು, ಹೊಗಳಿದರು. ಒಬ್ಬರು ಮಾತ್ರ, "ಇದಕ್ಕೆ ಬ್ಲೂಬೆರಿ ಹಾಕಿದ್ರೆ ಇನ್ನೂ ಕ್ಲಾಸ್ ಆಗಿರ್ತಿತ್ತು" ಅಂದರು. ಪೆರು ದೇಶದಿಂದ ಬಂದ ಬ್ಲೂಬೆರಿ 'ಕ್ಲಾಸ್', ಇಪ್ಪತ್ತು ಮೂವತ್ತು ಕಿಲೋಮೀಟರ್ ಆಚೆ ಬೆಳೆದ ದ್ರಾಕ್ಷಿ 'ಲೋಕಲ್'. ನನಗೆ ಸಿಟ್ಟು ಬರೋದು ಇಲ್ಲಿ.

ಯಾಕಂದ್ರೆ ಈ 'ಲೋಕಲ್' ಎಷ್ಟು ದಿನ ಇರುತ್ತೆ ಅನ್ನೋದೇ ಈಗಿನ ಪ್ರಶ್ನೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿ ಪಕ್ಕ ವಿಮಾನ ನಿಲ್ದಾಣ ಶುರುವಾಯ್ತು. ಸುತ್ತಮುತ್ತ ತೋಟಗಳಿದ್ದ ಕಡೆ ಲೇಔಟು, ಗೋದಾಮು ಎದ್ದವು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ 1,777 ಎಕರೆಯನ್ನ ಏರೋಸ್ಪೇಸ್ ಪಾರ್ಕಿಗೆ ಅಂತ ಗುರುತು ಮಾಡಿದರು. ರಾಗಿ, ದ್ರಾಕ್ಷಿ, ತರಕಾರಿ, ಹೂವು ಬೆಳೆಯೋ ಭೂಮಿ. ರೈತರು 2022ರ ಏಪ್ರಿಲ್‌ನಲ್ಲಿ ಧರಣಿ ಕೂತವರು ಮೂರು ವರ್ಷಕ್ಕೂ ಹೆಚ್ಚು ಕಾಲ ಬಿಡಲಿಲ್ಲ. ಕೊನೆಗೆ 2025ರ ಜುಲೈ 15ರಂದು ಸರ್ಕಾರ ಈ ಭೂಸ್ವಾಧೀನ ಕೈಬಿಡ್ತೀವಿ, ತಾವಾಗಿ ಕೊಡೋರಿದ್ದರೆ ಮಾತ್ರ ತಗೋತೀವಿ ಅಂತ ಹೇಳಿತು. ಅದೇ ತಿಂಗಳು ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ನಮ್ಮ ಜಿಲ್ಲೆಯ ಹೆಸರನ್ನ 'ಬೆಂಗಳೂರು ಉತ್ತರ' ಅಂತ ಬದಲಿಸೋಕೆ ತೀರ್ಮಾನ ಮಾಡಿತು. 1986ರಿಂದ ನಮ್ಮ ವಿಳಾಸದಲ್ಲಿದ್ದ 'ಗ್ರಾಮಾಂತರ' ಬೇಡವಾಯ್ತು. ಹೆಸರು ಹೋದರೆ ಹೋಗಲಿ, ಗ್ರಾಮ ಉಳಿದರೆ ಸಾಕು ಅನ್ನೋ ಸ್ಥಿತಿ ನಮ್ಮದು.

ಧರಣಿ ನಡೀತಿದ್ದಾಗ ಆಫೀಸಿನ ಕ್ಯಾಂಟೀನಿನಲ್ಲಿ ಕೇಳಿದ ಮಾತು: "ಕೋಟಿ ಕೊಡ್ತಾರಂತೆ, ತಗೊಂಡು ಸುಖವಾಗಿರೋಕೆ ಏನು ಕಷ್ಟ ಇವರಿಗೆ?" ಹೇಳಿದವರ ತಟ್ಟೆಯಲ್ಲಿ ಇದ್ದದ್ದು ಹುರುಳಿಕಾಯಿ ಪಲ್ಯ!

ಇನ್ನೊಂದು ಬದಿಯ ಮಾತನ್ನೂ ಹೇಳಬೇಕು. ನಾನು ಸಂಬಳ ತಗೊಳೋ ಟೆಕ್ ಪಾರ್ಕೂ ಯಾವುದೋ ಕಾಲದಲ್ಲಿ ಯಾರದೋ ಹೊಲವೇ. ಕೆಲಸಗಳು ಬೇಕು, ರಸ್ತೆ ಬೇಕು, ವಿಮಾನವೂ ಬೇಕು. ಮಾರಬೇಕು ಅನ್ನೋ ರೈತರೂ ಇದ್ದಾರೆ, ಅವರನ್ನ ದೂರೋಕೆ ನಾನ್ಯಾರು? 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ, ಅಂದರೆ ಕೆಜಿಗೆ 49 ರೂಪಾಯಿಯೂ ಇಲ್ಲ. ನನ್ನ ಇಡೀ ಕೇಕಿಗೆ ಹೋದ ರಾಗಿಗೆ ರೈತನಿಗೆ ಸಿಗೋದು ಆರು ರೂಪಾಯಿ ಆಸುಪಾಸು. ಕೆಫೆಯಲ್ಲಿ 'ಮಿಲೆಟ್' ಅಂತ ಹೆಸರಿಟ್ಟ ಒಂದು ತುಂಡಿಗೆ ನಾವು ಎಷ್ಟು ಕೊಡ್ತೀವಿ ಅಂತ ನೀವೇ ನೆನಪು ಮಾಡ್ಕೊಳ್ಳಿ. ಈ ಎರಡರ ಮಧ್ಯದ ಅಂತರ ಹೀಗೇ ಇದ್ದರೆ ಯಾವ ಧರಣಿಯೂ ಭೂಮಿ ಉಳಿಸಲ್ಲ.

ಮತ್ತೊಂದು ಮಾತು, ಸ್ವಲ್ಪ ಚುಚ್ಚಬಹುದು. ನಮ್ಮ ಸೊಪ್ಪು, ಕಾಳು, ರಾಗಿ ಬೆಳೆದುಕೊಡೋರಲ್ಲಿ ಬಹುಪಾಲು ಜನ ಸಸ್ಯಾಹಾರಿಗಳಲ್ಲ. ಅವರೆಕಾಳನ್ನ ನಾವು ಬರೀ ಸಾರು ಮಾಡಿದರೆ ಅವರು ಮಾಂಸದ ಜೊತೆ ಮಾಡ್ತಾರೆ. ನಮ್ಮ ತಟ್ಟೆ ತುಂಬೋದು ಅವರ ಕೈಯಿಂದ. ಹಾಗಿರೋವಾಗ 'ಶುದ್ಧ' ಅನ್ನೋ ಬೋರ್ಡು ನೋಡಿ ಎದೆ ಉಬ್ಬಿಸೋದಕ್ಕಿಂತ, ಅವರ ಹೊಲ ಉಳಿಯುತ್ತಾ ಅಂತ ವಿಚಾರಿಸೋದೇ ಸಸ್ಯಾಹಾರಿಯ ಮೊದಲ ಕೆಲಸ ಆಗಬೇಕು ಅನ್ನೋದು ನನ್ನ ವಾದ.

ದೊಡ್ಡ ಕ್ರಾಂತಿಯೇನೂ ಬೇಡ. ಕಾಲಕ್ಕೆ ಬಂದದ್ದನ್ನ ಕಾಲಕ್ಕೆ ತಿನ್ನೋಣ. ಹಣ್ಣು ತಗೊಳ್ಳೋವಾಗ "ಯಾವೂರದ್ದು?" ಅಂತ ಒಂದ್ಸಲ ಕೇಳೋಣ. ನಂದಿಬೆಟ್ಟಕ್ಕೆ ಸೂರ್ಯೋದಯ ನೋಡೋಕೆ ಹೋಗೋರು ವಾಪಸ್ ಬರೋವಾಗ ಗಾಡಿ ನಿಲ್ಲಿಸಿ ದ್ರಾಕ್ಷಿನೋ ಚಕ್ಕೋತನೋ, ಇದ್ದದ್ದನ್ನ ಬೆಳೆದವರ ಕೈಯಿಂದಲೇ ತಗೊಳ್ಳಿ. ಬ್ಲೂಬೆರಿ ಮಫಿನ್‌ನ ರೆಸಿಪಿಗೆ ಕೊಡೋ ಶ್ರದ್ಧೇನ ರಾಗಿಗೂ ಕೊಡಿ. ಹತ್ತು ರೂಪಾಯಿಗೆ ಚೌಕಾಸಿ ಮಾಡೋವಾಗ ಕೆಫೆಯ ಬಿಲ್ಲು ನೆನಪಿರಲಿ. (ಹೊಸಕೋಟೆ ಅವರೆಕಾಯಿಯ ಚೌಕಾಸಿಗೂ ಇದು ಅನ್ವಯ, ಮುಂದಿನ ಚಳಿಗಾಲದಿಂದ ಕೇಳಿದಷ್ಟು ಕೊಡ್ತೀನಿ.)

ಚಕ್ಕೋತ ಬೀಜದಿಂದ ಬೆಳೆದರೆ ಹಣ್ಣು ಬಿಡೋಕೆ ವರ್ಷಗಟ್ಟಲೆ ಕಾಯಬೇಕು. ಲೇಔಟ್ ಮಾಡೋಕೆ ಜೆಸಿಬಿಗೆ ಒಂದು ಬೆಳಗ್ಗೆ ಸಾಕು. ನಿಮ್ಮೂರ ಸುತ್ತ ಹೀಗೆ ಹೋಗ್ತಾ ಇರೋ ಹಣ್ಣು, ಸೊಪ್ಪು, ಕಾಳು ಯಾವುದು? ಅದರ ರುಚಿ ನಿಮ್ಮ ನಾಲಿಗೆಯಲ್ಲಿ ಇನ್ನೂ ಇದೆಯಾ? ಇದ್ದರೆ ಬರೆದಿಡಿ, ಅದಕ್ಕಿಂತ ಮೊದಲು ಹೋಗಿ ಒಂದು ಕೆಜಿ ಕೊಂಡುಕೊಳ್ಳಿ.