ಸಮಾಧಿಯ ಮೇಲೂ ಸುಳ್ಳು ಹೆಸರು

ಕೌರಾ ದಂಗೆಯಲ್ಲಿ ಸತ್ತವರದು 'ವೀರಮರಣ' ಅಂತ ಯಾರಾದರೂ ಬರೆದರೆ ನನಗೆ ಮೈ ಉರಿಯುತ್ತೆ.

1944ರ ಆಗಸ್ಟ್ 5ರ ನಸುಕಿನಲ್ಲಿ ಆಸ್ಟ್ರೇಲಿಯಾದ ಆ ಸೆರೆಶಿಬಿರದಲ್ಲಿ ಜಪಾನೀ ಯುದ್ಧಕೈದಿಗಳು ಚಾಕು, ಬೇಸ್‌ಬಾಲ್ ಬ್ಯಾಟು ಹಿಡಿದು ಮೆಷಿನ್‌ಗನ್ನಿನ ಎದುರು ನುಗ್ಗಿದರು. ಸತ್ತವರು 230ಕ್ಕೂ ಹೆಚ್ಚು. ನಾಲ್ವರು ಆಸ್ಟ್ರೇಲಿಯನ್ ಸೈನಿಕರೂ ಸತ್ತರು.

ಅಲ್ಲಿ ಊಟಕ್ಕೇನೂ ಕೊರತೆ ಇರಲಿಲ್ಲ ಸ್ವಾಮಿ. ಮತ್ಯಾಕೆ ನುಗ್ಗಿದರು? ಸೆರೆಸಿಕ್ಕಿ ಬದುಕೋದೇ ನಾಚಿಕೆಗೇಡು ಅಂತ 1941ರಲ್ಲಿ ಯುದ್ಧಮಂತ್ರಿ ತೋಜೋ ಸೈನಿಕರಿಗೆ ಸಂಹಿತೆ ಹೊರಡಿಸಿದ್ದ. ಮನೆಯವರಿಗೆ ಕಳಂಕ ತಟ್ಟದಿರಲಿ ಅಂತ ಎಷ್ಟೋ ಕೈದಿಗಳು ಸುಳ್ಳು ಹೆಸರು ಕೊಟ್ಟಿದ್ದರು. ಸತ್ತ ಮೇಲೆ ಸಮಾಧಿಗಳಿಗೂ ಅದೇ ಹೆಸರು ಬಂತು.

ಆ ತೋಜೋ? 1945ರಲ್ಲಿ ಎದೆಗೆ ಗುಂಡು ಹೊಡೆದುಕೊಂಡ, ಬದುಕುಳಿದ, ತಾನೇ ಸೆರೆಯಾದ. 1948ರಲ್ಲಿ ಗಲ್ಲಿಗೇರಿದ... ಸ್ವಂತ ಹೆಸರಿನಲ್ಲೇ!

ಇದು ವೀರಮರಣವೇ? ನಾನಂತೂ ಕೊಲೆ ಅಂತೀನಿ.