ಮನೆಯ ಕೈಗೆಲಸ: ಮುರಿದ ತುಂಡುಗಳಿಂದ ಹೊಸ ಗಾಡಿ

ಕಾರ ಹುಣ್ಣಿಮೆ ಮುಗಿದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ ಬರುವದು. ಭೀಮೆಯ ಮಗ್ಗುಲಿನ ಇಂಡಿ, ಸಿಂದಗಿಗಳ ಕಡೆಗಾಗಲಿ, ಕೃಷ್ಣೆಯ ಮಗ್ಗುಲಿನ ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಗಾಗಲಿ, ಆ ದಿನ ಒಕ್ಕಲುಮನೆಗಳಲ್ಲಿ ಎರೆಮಣ್ಣಿನ ಜೋಡೆತ್ತುಗಳನ್ನು ಮಾಡಿ ಪೂಜಿಸುವರು. ಎತ್ತುಗಳಾದ ಮೇಲೆ ಅವುಗಳಿಗೆ ಚಕ್ಕಡಿ ಬೇಡವೇ? ಹುಡುಗರು ಬಣವೆಯಿಂದ ಜೋಳದ ದಂಟನ್ನೆಳೆದುಕೊಂಡು ಕಟ್ಟೆಯ ಮೇಲೆ ಕೂತರೆಂದರೆ ಊಟದ ಹೊತ್ತು ಕೂಡ ಅವರಿಗೆ ನೆನಪಾಗದು.

ಈ ದಂಟಿನ ಚಕ್ಕಡಿಗೆ ಮೊಳೆಯೂ ಬೇಡ, ಅಂಟೂ ಬೇಡ. ದಂಟಿನ ಮೇಲಿನ ಗಟ್ಟಿ ಸಿಪ್ಪೆಯನ್ನು ಸೀಳಿದರೆ ಸಿಬರು ಸಿಕ್ಕುವದು. ಒಳಗೆ ಉಳಿದದ್ದು ಮೆತ್ತನ್ನ ಬೆಂಡು. ಸಿಬರೇ ಮೊಳೆ, ಬೆಂಡೇ ಮರ. ಸಿಬರನ್ನು ಬೆಂಡಿಗೆ ಚುಚ್ಚಿ ನೊಗ, ಈಸು, ಅಚ್ಚುಗಳನ್ನು ಕೂಡಿಸಿದರೆ ಗಾಡಿ ನಿಲ್ಲುವದು. ಗಾಲಿಗೆ ದಂಟು ಸಾಲದಾದಾಗ ಹುಡುಗರು ಸೀಸೆಯ ಬಿರಡೆಯನ್ನೋ, ಹರಿದ ಚಪ್ಪಲಿಯಿಂದ ದುಂಡಗೆ ಕೊಯ್ದ ರಬ್ಬರನ್ನೋ ತಂದು ಜೋಡಿಸುವರು. ಸಿಬರಿನ ಅಂಚು ಕತ್ತಿಯಷ್ಟು ಹರಿತವಾಗಿರುವದರಿಂದ ಚಿಕ್ಕವರ ಬಳಿಯಲ್ಲಿ ದೊಡ್ಡವರೊಬ್ಬರು ಇರತಕ್ಕದ್ದು.

ಒಂದರ ಅಂಗವನ್ನು ಇನ್ನೊಂದಕ್ಕೆ ಜೋಡಿಸುವ ಈ ಬುದ್ಧಿ ನಮ್ಮ ಹುಡುಗರಿಗೆ ಮಾತ್ರ ಸೇರಿದ್ದಲ್ಲ. ಅಮೇರಿಕೆಯ ಕ್ಯಾಲಿಫೋರ್ನಿಯಾದಲ್ಲಿ 1930ರ ದಶಕದ ತರುಣರು ಹಳೆಯ ಫೋರ್ಡ್ ಮೋಟಾರುಗಳನ್ನು ಅಗ್ಗಕ್ಕೆ ಕೊಂಡು, ಚಕ್ರದ ಮೇಲಿನ ತಗಡುಗಳನ್ನು ಕಳಚಿ, ಮಾಡನ್ನು ಕೊಯ್ದು ತಗ್ಗಿಸಿ, ಬೇರೆ ಗಾಡಿಗಳ ಬಿಡಿಭಾಗಗಳನ್ನು ಕೂಡಿಸಿ, ಒಣಗಿದ ಸರೋವರಗಳ ಬಯಲಿನಲ್ಲಿ ವೇಗದ ಪಂದ್ಯಕ್ಕೆ ಓಡಿಸುತ್ತಿದ್ದರು. 1932ರ ಫೋರ್ಡಿನಲ್ಲಿ ಎಂಟು ಸಿಲಿಂಡರುಗಳ ಇಂಜಿನು ಬಂದುದರಿಂದ ಆ ಮಾದರಿ ಅವರಿಗೆ ಬಹು ಪ್ರಿಯವಾಯಿತು. ಇಂಥ ಗಾಡಿಗೆ ಹಾಟ್ ರಾಡ್ ಎಂದು ಹೆಸರಾಗಿ, 1948ರಲ್ಲಿ ಅದೇ ಹೆಸರಿನ ಮಾಸಪತ್ರಿಕೆಯೂ ಹೊರಟಿತು. ಮುಂದೆ ಇವುಗಳ ಚಿಕ್ಕ ಪ್ಲಾಸ್ಟಿಕ್ ಪ್ರತಿರೂಪಗಳು ಬಿಡಿತುಂಡುಗಳಾಗಿ ಪೆಟ್ಟಿಗೆಯಲ್ಲಿ ಮಾರಾಟಕ್ಕೆ ಬಂದವು. ಎರಡು ಮೂರು ಪೆಟ್ಟಿಗೆಗಳ ತುಂಡುಗಳನ್ನು ಬೆರೆಸಿ ಯಾವ ಪೆಟ್ಟಿಗೆಯ ಚಿತ್ರದಲ್ಲಿಯೂ ಇಲ್ಲದ ಗಾಡಿಯನ್ನು ಕಟ್ಟುವದೇ ಈ ಹವ್ಯಾಸದ ಸೊಗಸು.

ಇಂಥ ಎರಡು ಪೆಟ್ಟಿಗೆಗಳನ್ನು ಪುಣೆಯಲ್ಲಿರುವ ಸೋದರಮಾವನು ನನ್ನ ಹತ್ತು ವರ್ಷದ ಮೊಮ್ಮಗನಿಗೆ ಕಳಿಸಿದ್ದನು. ಒಂದು ಹಳೆಯ ಫೋರ್ಡ್, ಇನ್ನೊಂದು ಈಚಿನ ಮೋಟಾರು. ಹುಡುಗನು ಅವಸರದಿಂದ ಅಂಟನ್ನು ಸುರಿದು ಎರಡನ್ನೂ ಕೆಡಿಸಿಕೊಂಡನು. ನಾನು ಸಿಟ್ಟಾಗಿ, ಇನ್ನು ನಿನ್ನ ಕೈಗೆ ಒಂದು ಸಾಮಾನನ್ನೂ ಕೊಡುವದಿಲ್ಲ, ಇವನ್ನು ತಿಪ್ಪೆಗೆ ಚೆಲ್ಲು ಎಂದು ಗದರಿಸಿದೆನು. ಅವನು ಮರುಮಾತಾಡದೆ ಎತ್ತಿಕೊಂಡು ಹೋದನು.

ಮೂರು ತಿಂಗಳು ಕಳೆದವು. ಒಂದು ದಿನ ಜೋಳದ ಚೀಲಗಳನ್ನು ಸರಿಸುವಾಗ ಹಿಂದೆ ಒಂದು ಬಿಸ್ಕೀಟಿನ ಡಬ್ಬಿ ಸಿಕ್ಕಿತು. ಅದರಲ್ಲಿ ಆ ಎರಡೂ ಮೋಟಾರುಗಳ ತುಂಡುಗಳಿದ್ದವು. ತಳದಲ್ಲಿ ನನ್ನ ಹಳೆಯ ಕನ್ನಡಕವು ಮುರಿದು ಬಿದ್ದಿತ್ತು. ಅದು ಕಾಣೆಯಾದಾಗ ನಾನು ನಮ್ಮ ಮನೆಗೆಲಸದ ಹೆಣ್ಣುಮಗಳ ಮೇಲೆ ಸಂಶಯಪಟ್ಟು ನಾಲ್ಕು ಜನರೆದುರಿಗೆ ಬಿರುಸಾಗಿ ಮಾತಾಡಿದ್ದೆನು. ಆಕೆ ಕಣ್ಣೊರಸಿಕೊಂಡು ಸುಮ್ಮನಾಗಿದ್ದಳು.

ಹುಡುಗನನ್ನು ಕರೆದು ಕೇಳಿದೆನು. "ಕಾಲು ತಗಲಿ ಮುರೀತು ಅಜ್ಜಾ. ನೀ ಬೈತೀ ಅಂತ ಮುಚ್ಚಿಟ್ಟೆ" ಎಂದನು. ಅವನು ಸುಳ್ಳಾಡಿದ್ದು ತಪ್ಪೇ. ಆದರೆ ಆ ಸುಳ್ಳಿನ ಬೀಜವನ್ನು ಬಿತ್ತಿದವನು ನಾನು. ಮುರಿದದ್ದನ್ನು ತಂದು ತೋರಿಸಲು ಧೈರ್ಯವಾಗದಂಥ ಮನೆಯಲ್ಲಿ ಮುರಿದದ್ದೆಲ್ಲ ಚೀಲದ ಹಿಂದೆಯೇ ಸೇರುವದು.

ಆ ಹೊತ್ತಿಗೆ ಬಾಗಿಲ ತಿದ್ದಲು ಬಂದಿದ್ದ ಬಡಿಗನು ಡಬ್ಬಿಯನ್ನು ನೋಡಿ ನಕ್ಕನು. "ಮುರದದ್ದನ್ನೆಲ್ಲಾ ಒಗದರ ನಾವು ಬಡಿಗ್ಯಾರು ಏನು ಉಣಬೇಕ್ರಿ, ಯಜಮಾನ್ರ? ಹಳೇ ಗಾಲಿ ಗಟ್ಟಿ ಇದ್ದರ ಹೊಸ ಚಕ್ಕಡಿಗೆ ಹಾಕತೇವಿ" ಎಂದನು. ಅಂದಿನ ಸಂಜೆ ನಾನೂ ಮೊಮ್ಮಗನೂ ಡಬ್ಬಿಯನ್ನು ಹಾಸಿಗೆಯ ಮೇಲೆ ಸುರುವಿಕೊಂಡು ಕೂತೆವು. ನಾವು ಎಡವಿ ಕಲಿತದ್ದನ್ನು ವಾಚಕರ ಉಪಯೋಗಕ್ಕಾಗಿ ಕೆಳಗೆ ಬರೆದಿರುವೆನು.

ಮೊದಲನೆಯದು, ಅಳತೆ. ಮೂಲ ಗಾಡಿಯ ಇಪ್ಪತ್ತೈದರಲ್ಲೊಂದು ಪಾಲು, ಇಪ್ಪತ್ನಾಲ್ಕರಲ್ಲೊಂದು ಪಾಲು ಎಂಬ ಎರಡು ಪ್ರಮಾಣಗಳು ಹೆಚ್ಚಾಗಿ ಬಳಕೆಯಲ್ಲಿವೆ. 1932ರ ಫೋರ್ಡಿನ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ 106 ಅಂಗುಲ. ಅದು ಮೊದಲನೆಯ ಪ್ರಮಾಣದಲ್ಲಿ ಸುಮಾರು 108 ಮಿಲಿಮೀಟರು, ಎರಡನೆಯದರಲ್ಲಿ 112. ಗಾಲಿ, ಇಂಜಿನುಗಳಲ್ಲಿ ಈ ಭೇದವು ಕಣ್ಣಿಗೆ ಕಾಣದು. ಆದರೆ ಒಡಲನ್ನು ತಳಗಟ್ಟಿನ ಮೇಲೆ ಕೂಡಿಸುವಾಗ ನಾಲ್ಕು ಮಿಲಿಮೀಟರೇ ಕಾಡುವದು. ಆದುದರಿಂದ ಒಡಲೂ ತಳಗಟ್ಟೂ ಒಂದೇ ಪ್ರಮಾಣದವಿರಲಿ.

ಎರಡನೆಯದು, ಅಂಟಿಲ್ಲದ ಜೋಡಣೆ. ತುಂಡುಗಳನ್ನು ಸಾಬೂನಿನ ನೀರಿನಲ್ಲಿ ತೊಳೆದು ಒಣಗಿಸಬೇಕು. ಅಚ್ಚಿನಿಂದ ಬಂದ ಜಿಡ್ಡು ಉಳಿದರೆ ಬಣ್ಣ ಹಿಡಿಯದು. ಬಳಿಕ ಇಡಿಯ ಗಾಡಿಯನ್ನು ಕಾಗದದ ಪಟ್ಟಿಯಿಂದ ತಾತ್ಪೂರ್ತಿಕವಾಗಿ ಕಟ್ಟಿ ನೋಡಬೇಕು. ಹಿಂದಿನ ಗಾಲಿ ದೊಡ್ಡದು, ಮುಂದಿನದು ಚಿಕ್ಕದು ಇದ್ದರೆ ಮೂತಿ ತಗ್ಗಿ, ಹಾಟ್ ರಾಡಿನ ನಿಲುವು ಬರುವದು. ಗಾಲಿ ಒಡಲಿಗೆ ತಾಗುವದೋ, ಇಂಜಿನು ತನ್ನ ಜಾಗದಲ್ಲಿ ಕೂಡುವದೋ ಎಂಬುದು ಈಗಲೇ ತಿಳಿಯಬೇಕು.

ಮೂರನೆಯದು, ಅಂಟು. ಪ್ಲಾಸ್ಟಿಕ್ಕಿನ ಅಂಟು ಎರಡೂ ಅಂಚುಗಳನ್ನು ಕರಗಿಸಿ ಒಂದುಮಾಡುವದು. ಆದ್ದರಿಂದ ಹನಿಯಷ್ಟೇ ಸಾಕು, ಹೆಚ್ಚಾದರೆ ತುಂಡೇ ಕರಗುವದು. ಕೂಡಲೇ ಹಿಡಿಯುವ ಅಂಟಿನ ಆವಿಯಿಂದ ಗಾಜಿನಂಥ ತುಂಡು ಮಂಜಾಗುವದು. ನಮ್ಮ ಮೊದಲಿನ ಗಾಜು ಕೆಟ್ಟದ್ದು ಹೀಗೆಯೇ. ಲೋಹಕ್ಕೆ ಎರಡು ಪಾಕಗಳನ್ನು ಬೆರೆಸುವ ಎಪಾಕ್ಸಿ ಒಳ್ಳೆಯದು. ಕಿಡಕಿಗಳನ್ನು ತೆರೆದಿಟ್ಟು ಕೆಲಸ ಮಾಡತಕ್ಕದ್ದು; ಕೊಯ್ಯುವ ಕೆಲಸ ದೊಡ್ಡವರದು.

ಕೊನೆಯದು, ಬಣ್ಣ. ಬೇರೆ ಬೇರೆ ಪೆಟ್ಟಿಗೆಗಳ ತುಂಡುಗಳು ಬೇರೆ ಬೇರೆ ವರ್ಣದವು. ಎಲ್ಲಕ್ಕೂ ಮೊದಲು ಬೂದುಬಣ್ಣದ ತೆಳುಲೇಪವನ್ನು ಕೊಟ್ಟರೆ ಅವೆಲ್ಲ ಒಂದೇ ಮನೆಯವಾಗಿ ಕಾಣುವವು. ಸಂದುಗಳೂ ಎದ್ದು ತೋರುವದರಿಂದ ಉಜ್ಜಿ ಸರಿಪಡಿಸಲು ಬರುವದು. ಮೇಲಿನ ಬಣ್ಣವನ್ನು ತೆಳ್ಳಗೆ, ಒಂದೊಂದು ಲೇಪ ಆರಿದ ಮೇಲೆ ಇನ್ನೊಂದರಂತೆ, ಕೊಡಬೇಕು.

ನಮ್ಮ ಗಾಡಿಯು ಮುಗಿಯಲು ಒಂದು ತಿಂಗಳು ಹಿಡಿಯಿತು. ಒಡಲು ಫೋರ್ಡಿನದು, ಹಿಂದಿನ ಗಾಲಿಗಳು ಇನ್ನೊಂದರವು, ಕುಳಿತುಕೊಳ್ಳುವ ಪೀಠ ಜೋಳದ ಬೆಂಡಿನದು. ಹೊಗೆಕೊಳವೆಗೆ ತಕ್ಕ ತುಂಡು ದೊರೆಯದಾದಾಗ ಹುಡುಗನು ನನ್ನ ಕನ್ನಡಕದ ಕಡ್ಡಿಗಳನ್ನು ಹಿಡಿದು ನನ್ನ ಮೋರೆಯನ್ನು ನೋಡಿದನು. ಹೂಂ ಎಂದೆನು. ಅವು ಎರಡೂ ಬದಿಗೆ ಹೇಳಿಮಾಡಿಸಿದಂತೆ ಕೂತವು.

ಆದರೆ ಅದಕ್ಕೂ ಮೊದಲು ಒಂದು ಕೆಲಸವಿತ್ತು. ಡಬ್ಬಿ ಸಿಕ್ಕ ಮರುದಿನ ಬೆಳಿಗ್ಗೆಯೇ, ಹಿಂದೆ ಬೈಗುಳವನ್ನು ಕೇಳಿದ್ದ ಅದೇ ನಾಲ್ಕು ಜನರೆದುರಿಗೆ, ನಾನೂ ಮೊಮ್ಮಗನೂ ಆ ಹೆಣ್ಣುಮಗಳಿಗೆ ತಪ್ಪನ್ನೊಪ್ಪಿಕೊಂಡೆವು. "ಹುಡುಗ ಐತ್ರಿ, ಇರಲಿ" ಎಂದು ಆಕೆ ಅವನನ್ನು ಕ್ಷಮಿಸಿದಳು. ನನ್ನ ವಿಷಯವಾಗಿ ಏನೂ ಹೇಳಲಿಲ್ಲ. ಹೇಳಬೇಕೆಂದು ಕೇಳುವ ಅಧಿಕಾರವೂ ನನಗಿರಲಿಲ್ಲ.

ಗೃಹಸ್ಥರೇ, ಮಕ್ಕಳಿರುವ ಮನೆಯಲ್ಲಿ ಮುರಿದ ತುಂಡುಗಳಿಗೆಂದು ಒಂದು ಡಬ್ಬಿಯನ್ನಿಡಿರಿ. ಅದು ಚೀಲದ ಹಿಂದೆ ಬೇಡ, ಎಲ್ಲರಿಗೂ ಕಾಣುವ ಪಡಸಾಲೆಯ ಮಾಡದಲ್ಲಿರಲಿ.